ಮೊದಲಿನ ಫೋಟೋ

"ಇಲ್ಲಿ ಕಸವೇ ಇಲ್ವಲ್ರೀ!"

ಅನುದಾನ ಕೊಡುವ ಸಂಸ್ಥೆಯಿಂದ ಬಂದ ಸಾಹೇಬ ಹಳ್ಳದ ದಡದಲ್ಲಿ ನಿಂತು ಗದರಿದ. ಯಾರೋ ಅವನ ಜೇಬಿಗೇ ಕೈ ಹಾಕಿದ್ದಾರೇನೋ ಅನ್ನುವಂಥ ಮುಖ. ಟೈಲರಮ್ಮನಿಗೆ ಮೊದಲು ಅದು ಹೊಗಳಿಕೆ ಅನ್ನಿಸಿತು.

"ಹೌದು ಸಾರ್, ಬೀದಿಯೋರೆಲ್ಲ ಸೇರಿ ತೆಗೆದ್ವಿ. ನಿಮ್ಮ ದುಡ್ಡು ಬರೋವರೆಗೂ ಸುಮ್ನೆ ಯಾಕೆ ಕೂರೋದು ಅಂತ..."

"ಕೂರಬೇಕಿತ್ತಮ್ಮ! ಕೆಲಸಕ್ಕೆ ಮೊದಲಿನ ಫೋಟೋ ಒಂದು, ಆಮೇಲಿನ ಫೋಟೋ ಒಂದು. ಎರಡೂ ಇಲ್ದೆ ಅನುದಾನ ಇಲ್ಲ. ಮೊದಲಿನದು ಎಲ್ಲಿ?"

ಅದು ಯಾರ ಹತ್ತಿರವೂ ಇರಲಿಲ್ಲ. ಸೊಂಟದವರೆಗೆ ಕೊಳಚೆಯಲ್ಲಿ ಇಳಿದವರಿಗೆ ಫೋಟೋ ತೆಗೆಯುವ ಪುರುಸೊತ್ತು ಎಲ್ಲಿಂದ ಬರಬೇಕು? ಗಬ್ಬುನಾತದ ಮುಂದೆ ನಿಂತು ಹಲ್ಲು ಕಿರಿಯುವ ಚಟ ಆ ಬೀದಿಯವರಿಗಿಲ್ಲ. ಅದಕ್ಕೆ ಬೇರೆಯೇ ಜನ ಇದ್ದಾರೆ, ಸಂಬಳ ತಗೊಳ್ಳುವವರು.

ಹಳ್ಳ ಶುಚಿ ಮಾಡುವ ಹೆಸರಲ್ಲಿ ಬರುವ ಆ ಅನುದಾನ ಬೀದಿಗೆ ಬೇಕಿದ್ದದ್ದು ದಡಕ್ಕೆ ಕಲ್ಲು ಕಟ್ಟಿ ಗಿಡ ನೆಡುವುದಕ್ಕೆ. ಕಳೆದ ಮಳೆಗೆ ದಡ ಕುಸಿದು ಟೈಲರಮ್ಮನ ಅಂಗಡಿಯ ಹಿಂದಿನ ಗೋಡೆ ಬಾಯಿ ಬಿಟ್ಟಿತ್ತು. ಇನ್ನೊಂದು ಜೋರು ಮಳೆ ಹೊಡೆದರೆ ಗೋಡೆ, ಹೊಲಿಗೆ ಯಂತ್ರ, ಗಿರಾಕಿಗಳ ಬಟ್ಟೆ ಎಲ್ಲವೂ ಹಳ್ಳದ ಪಾಲು.

"ಈಗೇನ್ ಮಾಡೋದು ಸಾರ್?"

ಸಾಹೇಬ ದನಿ ತಗ್ಗಿಸಿದ. "ತೆಗೆದ ಕಸ ಎಲ್ಲಿಟ್ಟಿದ್ದೀರಿ?"

ಬೀದಿಯ ತುದಿಯಲ್ಲಿ ರಾಶಿ ಬಿದ್ದಿತ್ತು. ಒಯ್ಯಬೇಕಾದ ಲಾರಿ ಇವತ್ತು ನಾಳೆ ಅನ್ನುತ್ತಲೇ ಇತ್ತು.

"ಸ್ವಲ್ಪ ತಂದು ಹಾಕಿ. ಫೋಟೋ ಆದ ಮೇಲೆ ಎತ್ತಿದ್ರಾಯ್ತು."

ಪಂಕ್ಚರ್ ಅಂಗಡಿ ಇಟ್ಟಿದ್ದ ಅವಳ ಮೈದುನ ನಕ್ಕುಬಿಟ್ಟ. "ಅತ್ತಿಗೆ, ತಲೆ ಕೆಟ್ಟಿರೋದು ಇವ್ರಿಗಾ, ನಮಗಾ?"

"ಗೋಡೆ ಬಿದ್ರೆ ನೀನು ಬಂದು ಹೆಗಲು ಕೊಡ್ತೀಯಾ? ಬಾಯ್ಮುಚ್ಕೊಂಡು ಗಾಡಿ ತಗೊಂಬಾ."

ತಳ್ಳುಗಾಡಿ ಬಂತು. ತಮ್ಮ ಕೈಯಿಂದಲೇ ಎತ್ತಿದ್ದನ್ನು ತಮ್ಮ ಕೈಯಿಂದಲೇ ಸುರಿದರು. ಸಾಹೇಬ ಮೂಗಿಗೆ ಕರ್ಚೀಫು ಹಿಡಿದು ಮದುವೆ ಮಂಟಪ ಸಿಂಗರಿಸುವವನ ಹಾಗೆ ಕೈಯಾಡಿಸಿದ. "ಆ ಹಾಸಿಗೆ ಇನ್ನೂ ಮುಂದೆ ಬರ್ಲಿ. ನೀರು ಕಾಣಬಾರ್ದು. ಹಾಂ, ಆ ಹರಕು ಚಪ್ಪಲಿ ಚೆನ್ನಾಗಿದೆ, ಅಲ್ಲೇ ಇರ್ಲಿ."

"ಸತ್ತ ನಾಯಿ ಏನಾದ್ರೂ ಬೇಕಾ ಸಾರ್? ಹುಡುಕಿಸ್ತೀನಿ," ಅಂದ ಮೈದುನ.

"ಟೈಮ್ ಇದ್ದಿದ್ರೆ ನೋಡಬಹುದಿತ್ತು," ಅಂದ ಸಾಹೇಬ, ನಿಜವಾಗಿಯೂ ಯೋಚಿಸಿ.

ಅಷ್ಟರಲ್ಲಿ ಬೀದಿಯ ಕಿಟಕಿಗಳು ತೆರೆದುಕೊಂಡವು. ಹಳ್ಳಕ್ಕೆ ಕಸ ಎಸೆಯಬೇಡಿ ಅಂತ ಟೈಲರಮ್ಮ ಮನೆಮನೆಗೂ ಹೋಗಿ ಕೈಮುಗಿದಿದ್ದಳು. ಕೈಮುಗಿದರೂ ಕೇಳದವರ ಜೊತೆ ಜುಟ್ಟು ಹಿಡಿದು ಜಗಳ ಮಾಡಿದ್ದಳು. ಅವರೆಲ್ಲ ಈಗ ನೋಡುತ್ತಿದ್ದರು. ಕೋಳಿ ಅಂಗಡಿಯವನು ಪುಕ್ಕ, ಕರುಳು ತುಂಬಿದ ಡ್ರಮ್ಮು ಉರುಳಿಸಿಕೊಂಡು ಬಂದೇಬಿಟ್ಟ.

"ಏನಕ್ಕಾ, ಮತ್ತೆ ಶುರು ಮಾಡಿದ್ರಾ? ಒಂದ್ ಮಾತು ಹೇಳಬಾರ್ದಾ? ಇಷ್ಟು ದಿನ ಊರಾಚೆವರೆಗೂ ಹೊತ್ತು ಸತ್ತೆ!"

"ಬೇಡ್ವೋ, ಇದು ಬರೀ ಫೋಟೋಗೆ..." ಅನ್ನುವಷ್ಟರಲ್ಲಿ ಡ್ರಮ್ಮು ಬೋರಲಾಗಿತ್ತು.

ಅವನ ಹಿಂದೆ ಮೂಲೆಮನೆಯ ಅಜ್ಜಿ, ಎರಡೂ ಕೈಯಲ್ಲಿ ಚೀಲ. ಅಜ್ಜಿಯ ಹಿಂದೆ ಒಡೆದ ಕಮೋಡು ಹೊತ್ತ ಅಪ್ಪ-ಮಗ. ಅವರ ಹಿಂದೆ ಇನ್ಯಾರೋ. ಟೈಲರಮ್ಮ ಎರಡೂ ತೋಳು ಚಾಚಿ ದಾರಿಗೆ ಅಡ್ಡ ನಿಂತಳು. ಜನ ಅವಳ ಅಕ್ಕಪಕ್ಕದಿಂದ ನುಸುಳಿಕೊಂಡು ಹೋದರು.

ಸಾಹೇಬ ಮೊಬೈಲಿನಿಂದ ಕಣ್ಣು ಕೀಳದೆ ಫೋಟೋ ತೆಗೆಯುತ್ತಲೇ ಇದ್ದ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಅಮ್ಮ, ಫ್ರೇಮಿಗೆ ಅಡ್ಡ ಬರ್ತಿದ್ದೀರಿ," ಅಂದ. "ಸಮುದಾಯ ಇಷ್ಟು ಹುಮ್ಮಸ್ಸಿಂದ ಪಾಲ್ಗೊಂಡಿದ್ದು ನಾನು ಎಲ್ಲೂ ನೋಡಿಲ್ಲ."