ವರ್ಷದ ಕೇಕು

ಅಂದು ಬೆಳಿಗ್ಗೆ ಎಲೆಯೂ ಅಲುಗದಂಥ ಸೆಕೆ. ಗಂಡ ತೀರಿಕೊಂಡು ವರ್ಷವಾಗಿತ್ತು. ಸಂಜೆಯ ಪ್ರಾರ್ಥನೆಗೆ ಬರುವವರಿಗೆಂದು ಜುಲಿಯಾನಬಾಯಿ ಚಾಕೊಲೇಟ್ ಕೇಕಿನ ಹಿಟ್ಟು ಕಲಸಿ, ಅಗಲದ ತಟ್ಟೆಗೆ ಸುರಿದು, ಬೇಯಿಸಲು ಇದಿನಬ್ಬನ ಬೇಕರಿಗೆ ತಂದರು.

“ಸಕ್ಕರೆ ಕಾಯಿಲೆ ಅಂತ ಹತ್ತು ವರ್ಷ ಅವರಿಗೆ ಒಂದು ತುಂಡು ಕೇಕೂ ಕೊಡಲಿಲ್ಲ ಇದಿನಬ್ಬ. ಕೊನೆಯ ದಿನವೂ ಕೇಳಿದರು, ಗದರಿದೆ. ಆಸೆ ಹೊತ್ತುಕೊಂಡೇ ಹೋದರು. ಆ ಪಾಪ ನನ್ನದೇ.”

ಇದಿನಬ್ಬ ಬೆಂದ ಕೇಕನ್ನು ಹೊರತೆಗೆದು ತಲೆ ತಗ್ಗಿಸಿ ನಿಂತ.

“ಪಾಪ ನಿಮ್ಮದಲ್ಲ ಬಾಯಮ್ಮ, ನನ್ನದು.”

“ಯಾಕೆ, ತಳ ಹಿಡಿಸಿದ್ಯಾ?”

“ಅವರು ದಿನಾ ಸಂಜೆ ಇಲ್ಲೇ ಕೂತು ಕೇಕು ತಿನ್ನುತ್ತಿದ್ದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ,” ಎಂದವನೇ, ಅವರ ಗಂಡನ ಹೆಸರು ಕೊರೆದಿದ್ದ ಸ್ಟೀಲ್ ಚಮಚವನ್ನು ಮೆಲ್ಲಗೆ ಅವರ ಕೈಗಿಟ್ಟ.