ಬೀಜಕ್ಕೆ ಬಿಟ್ಟ ಹೀರೆಕಾಯಿ

ಹೀರೆಕಾಯಿ ಹೆರೆಯುವಾಗಿನ ಹಸಿ ವಾಸನೆಗೆ ಈಗಲೂ ನನ್ನ ಕೈ ಅರೆಕ್ಷಣ ನಿಲ್ಲುತ್ತದೆ.

ಅಜ್ಜಂಪುರದ ನಮ್ಮ ಹಿತ್ತಲಲ್ಲಿ ಅಜ್ಜಿ ಪ್ರತಿವರ್ಷ ಬಳ್ಳಿಯ ಬುಡದ ಮೊದಲ ಕಾಯಿಗೆ ಕೆಂಪು ಚಿಂದಿ ಕಟ್ಟಿ ಬೀಜಕ್ಕೆ ಬಿಡುತ್ತಿದ್ದಳು. ಮದುವೆಯಾಗಿ ಬರುವಾಗ ಅಮೃತಾಪುರದ ತವರಿನಿಂದ ತಂದ ತಳಿ ಅದು. ಆ ಕಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿಯೇ ಇನ್ನೂ ಬಲಿಯದ ಆ ಕಾಯಿಯನ್ನು ಕಿತ್ತು ತಂದು, ಸೀಮೆಎಣ್ಣೆ ಸ್ಟೌವಿಗೆ ಪಂಪ್ ಹೊಡೆಯುತ್ತಿದ್ದ ಅಮ್ಮನ ಮುಂದಿಟ್ಟು, "ಪಲ್ಯ ಮಾಡೇ" ಎಂದಳು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅದರ ಒರಟು ಏಣುಗಳನ್ನು ಹೆರೆದಳು.

ಅಜ್ಜಿ ಮತ್ತೆ ಹಿತ್ತಲಿಗೆ ಹೋದವಳು ಕೂಗುತ್ತಲೇ ಒಳಗೆ ಬಂದಳು.

"ಬೀಜದ ಕಾಯಿ ಯಾರೇ ಕಿತ್ತಿದ್ದು? ನಮ್ಮವ್ವ ಕೊಟ್ಟ ತಳಿ ಕಣೇ, ಹಾಳು ಮಾಡ್ಬಿಟ್ರಲ್ಲ!"

ಬೈಯುತ್ತ ಅವಳು ಬೀಸುತ್ತಿದ್ದ ಕೈಯ ಬಳೆಗೇ ಆ ಕೆಂಪು ಚಿಂದಿ ಸಿಕ್ಕಿಕೊಂಡಿತ್ತು. ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಚಿವುಟಿದಳು.

"ನಾನೇ ಅತ್ತೆ," ಎಂದಳು ಅಮ್ಮ. "ಮರ್ತು ಕಿತ್ಬಿಟ್ಟೆ."

ಅಜ್ಜಿ ಬಹಳ ಹೊತ್ತು ಅವಳನ್ನೇ ದಿಟ್ಟಿಸಿದಳು. ಆಮೇಲೆ ನನ್ನ ಪಕ್ಕ ಕೂತು, ಅಮ್ಮನಿಗೆ ಕೇಳಿಸದ ಹಾಗೆ ಹೇಳಿದಳು:

"ಇನ್ಮೇಲೆ ಬಳ್ಳಿ ನೀನೇ ನೋಡ್ಕೊಳ್ಳೇ, ಮಗಾ. ನಿಮ್ಮಮ್ಮಂಗೆ ಮರೆವು ಶುರುವಾಗೈತೆ."