ನರಸೀಪುರದ ಕಡೆಯವನು

“ಎಲ್ಲಾ ಊರಿನ ಕಸಾನೂ ಹೊಳೆ ಜೊತೇಲಿ ಕೆಳಕ್ಕೆ ಓಯ್ತದೆ ಸಾ. ಈ ನರಸೀಪುರದ ಕಸ ಮಾತ್ರ ಎದುರೀಜ್ಕಂಡು ನಂಜನಗೂಡಿಗೆ ಬತ್ತದೆ!”

ಹಣ್ಣುಕಾಯಿ ಅಂಗಡಿಯ ಪುಟ್ಟಬಸವಯ್ಯ ನಾಗಯ್ಯನ ಕಡೆ ಬೊಟ್ಟು ಮಾಡಿ ಹೀಗೆಂದದ್ದೇ ತಡ, ಸ್ನಾನಘಟ್ಟವೆಲ್ಲ ಗೊಳ್ಳೆಂದಿತು. ಸೋಮವಾರ ಬೇರೆ, ನಗಲು ಜನಕ್ಕೇನು ಬರ? ಮಿಂದು ಎದ್ದವರು ನಕ್ಕರು, ಮುಡಿ ಕೊಟ್ಟು ಬೋಳು ತಲೆಗೆ ಗಂಧ ಬಳಿದುಕೊಂಡವರು ನಕ್ಕರು. ನಾಗಯ್ಯ ಮಂಟಪದ ಕಂಬಕ್ಕೆ ಒರಗಿ ಕೂತವನು ಕೂತೇ ಇದ್ದ. ಮೂರು ಮಳೆಗಾಲದಿಂದ ಅವನ ಮನೆಗೆ ಅದೊಂದೇ ಗೋಡೆ.

ಮೈಸೂರಿನಿಂದ ಬಂದಿದ್ದ ಕಾಲೇಜು ಮೇಷ್ಟ್ರು ಮುರಳೀಧರ ಮಾತ್ರ ನಗಲಿಲ್ಲ. ಸೂರಿಲ್ಲದವರು ಯಾವ ಊರು ಬಿಟ್ಟು ಯಾವ ಊರು ಸೇರುತ್ತಾರೆ ಅಂತ ದೇಶದ ಉದ್ದಗಲಕ್ಕೂ ವಿಚಾರಿಸುತ್ತಿದ್ದಾರಂತೆ. ಈ ಸೀಮೆ ಇವರ ಪಾಲಿಗೆ ಬಂದಿತ್ತು. ಸೂರು ಯಾಕೆ ಹೋಯಿತು ಅಂತ ಕೇಳುವವರನ್ನು ಇನ್ನೂ ಯಾರೂ ಕಳಿಸಿರಲಿಲ್ಲ. ಮೇಷ್ಟ್ರ ಒಂದು ಕೈಯಲ್ಲಿ ಜಿಲ್ಲೆಯ ನಕ್ಷೆ, ಇನ್ನೊಂದರಲ್ಲಿ ಕೆಂಪು ಪೆನ್ನು.

“ಹೌದೇನಪ್ಪಾ? ನರಸೀಪುರವೇ?”

“ಊ ಸಾ. ನರಸೀಪುರದ ಕಡೆ.”

ನಕ್ಷೆಯ ಮೇಲೆ ನರಸೀಪುರದಿಂದ ನಂಜನಗೂಡಿಗೆ ಇನ್ನೊಂದು ಕೆಂಪು ಬಾಣ ಬಿತ್ತು. “ವಿಚಿತ್ರ ಕಣ್ರೀ,” ಅಂದರು ಮೇಷ್ಟ್ರು. “ಹೋದ ವಾರ ನರಸೀಪುರದ ಸಂಗಮದಲ್ಲಿ ಕೇಳಿದರೆ, ಅಲ್ಲಿ ಮಲಗೋರೆಲ್ಲ ನಂಜನಗೂಡಿನೋರಂತೆ!”

“ಇನ್ನೇನ್ ಸಾ, ಬಸ್ಸಿನೋರ್ದೂ ಒಟ್ಟೆ ತುಂಬ್ಬೇಕಲ್ಲ,” ಅಂದ ಪುಟ್ಟಬಸವಯ್ಯ. ಮತ್ತೆ ನಗು.

ವಿಚಿತ್ರವೇನೂ ಇರಲಿಲ್ಲ. ನಾಗಯ್ಯನ ಊರು ಹೆಡತಲೆ, ಇದೇ ನಂಜನಗೂಡು ತಾಲ್ಲೂಕು. ಮನೆಯ ಜಾಗ ಅಣ್ಣನ ಹೆಸರಿನಲ್ಲಿತ್ತು. ಮಳೆಗೆ ಗೋಡೆ ಕುಸಿದದ್ದೇ ನೆಪ, ಅಣ್ಣ ಅಲ್ಲಿ ತನ್ನ ತಾರಸಿ ಎಬ್ಬಿಸಿದ. ನಾಗಯ್ಯ ಮಂಟಪಕ್ಕೆ ಬಂದ ದಿನವೇ, ಆಗ ಅಲ್ಲಿ ಮಲಗುತ್ತಿದ್ದ ಮುದುಕಿ ಮರಿತಾಯಮ್ಮ ಇಲ್ಲಿಯ ಕಟ್ಟಳೆ ಹೇಳಿಕೊಟ್ಟಿದ್ದಳು: “ಯಾರಾರ ಕೇಳುದ್ರೆ ನರಸೀಪುರ ಅನ್ನು. ಅಲ್ಲಿಗೋದ್ರೆ ನಂಜನಗೂಡು ಅನ್ನು. ನಿನ್ನೂರೆಸ್ರು ಮಾತ್ರ ಎತ್ಬ್ಯಾಡ ಕಣ್ಲಾ. ನಿನ್ನೋರು ಅನ್ನೋರು ತಲೆ ಎತ್ಕಂಡು ಬಾಳ್ಬೇಕು.”

ನಾಗಯ್ಯನಿಗೆ ತನ್ನವರು ಅಂತ ಇದ್ದವಳು ಒಬ್ಬಳೇ, ಹದಿನಾರು ಎಂಬ ಊರಿಗೆ ಕೊಟ್ಟಿದ್ದ ಮಗಳು ಪುಟ್ಟಲಕ್ಷ್ಮಿ. ಅಪ್ಪ ನಂಜನಗೂಡಿನ ಫ್ಯಾಕ್ಟರಿಯಲ್ಲಿ ವಾಚ್‌ಮನ್ನು, ಇರಲು ಮನೆಯನ್ನೂ ಫ್ಯಾಕ್ಟರಿಯವರೇ ಕೊಟ್ಟಿದ್ದಾರೆ ಎಂದು ಅವಳೂ, ಅವಳ ಅತ್ತೆ ಮನೆಯವರೂ ನಂಬಿದ್ದರು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋಗುವಾಗ ನಾಗಯ್ಯ ಕ್ಷೌರ ಮಾಡಿಸಿಕೊಂಡು, ಇದ್ದೊಂದು ಗೆರೆಗೆರೆ ಅಂಗಿ ಒಗೆದು ಹಾಕಿಕೊಂಡು ಹೋಗುತ್ತಿದ್ದ. ಈಗ ಮಗಳು ಬಸುರಿ. ಚೊಚ್ಚಲು. ಬಾಣಂತನ ತವರಲ್ಲೇ ಆಗಬೇಕು. ತವರು ಅಂದರೆ ಈ ಕಂಬ.

“ಅಕ್ಕೋ, ನಿಮ್ಮಪ್ಪಾರ ಫ್ಯಾಕ್ಟ್ರಿ ಮನೆ ಇಲ್ಲೇ ಅಲ್ವಾ? ಓಗಿ ಮಕ ತೋರ್ಸ್ಬುಟ್ಟು ಬರಾವ ಬನ್ನಿ.”

ನಾಗಯ್ಯ ತಲೆಯೆತ್ತಿದ. ಮೇಲಿನ ಮೆಟ್ಟಿಲಲ್ಲಿ ಪುಟ್ಟಲಕ್ಷ್ಮಿ ನಿಂತಿದ್ದಳು. ತುಂಬು ಹೊಟ್ಟೆ. ಪಕ್ಕದಲ್ಲಿ ಪೂಜೆಯ ತಟ್ಟೆ ಹಿಡಿದು ಮಾತಾಡುತ್ತಿದ್ದವಳು ಬಿಂದುಶ್ರೀ, ಹೊಸದಾಗಿ ಮನೆಗೆ ಬಂದ ಮೈದುನನ ಹೆಂಡತಿ. ಆ ಮದುವೆಗೆ ನಾಗಯ್ಯ ಹೋಗಿರಲಿಲ್ಲ, ಡ್ಯೂಟಿ ಅಂತ ಹೇಳಿಕಳಿಸಿದ್ದ. ಹಾಗಾಗಿ ಆ ಹುಡುಗಿಗೆ ಅವನ ಗುರುತಿಲ್ಲ.

ಪುಟ್ಟಲಕ್ಷ್ಮಿ ಅವನನ್ನು ನೋಡಿದಳು. ಕಂಬ ನೋಡಿದಳು. ಕಂಬಕ್ಕೆ ಬಿಗಿದ ಹಗ್ಗದ ಮೇಲೆ ನೀರು ಸೋರುತ್ತಿದ್ದ ಗೆರೆಗೆರೆ ಅಂಗಿ ನೋಡಿದಳು.

“ಇವತ್ತು ಬ್ಯಾಡ ಕಣಮ್ಮಿ,” ಅಂದಳು. “ಅಪ್ಪಂಗೆ ಡ್ಯೂಟಿ.”

“ಅಲ್ಲಾ, ಬಾಣಂತನಕ್ಕೆ ಬರೋ ಮನೆ...”

“ಆ ಮನೆ ಚಿಕ್ದು. ಬಾಣಂತನ ನಮ್ಮನೇಲೇ ಆಗ್ಲಿ ಅಂತ ಅತ್ತೆಗೆ ನಾನೇ ಏಳ್ತೀನಿ.”

“ನಿಮ್ಮಪ್ಪಾರು ಬೇಜಾರ್ ಮಾಡ್ಕಳಾಕಿಲ್ವಾ?”

“ಮಾಡ್ಕತ್ತಾರೆ.”

ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು ಕೆಳಗಿಳಿದಳು. ಮಂಟಪದವರಿಗೆ ಯಾರೂ ಹಣ್ಣನ್ನು ಕೈಗೆ ಕೊಡುವುದಿಲ್ಲ, ನಿಂತಲ್ಲಿಂದಲೇ ಎಸೆಯುತ್ತಾರೆ. ಅವಳು ಆ ಭಾರದ ಹೊಟ್ಟೆಯಲ್ಲೇ ಬಗ್ಗಿ, ಎರಡೂ ಕೈಯಲ್ಲಿ ಹಣ್ಣನ್ನು ನಾಗಯ್ಯನ ಅಂಗೈಯಲ್ಲಿಟ್ಟಳು.

“ಇನ್ನೊಂದೇ ಪ್ರಶ್ನೆ ಕಣಪ್ಪಾ,” ಅಂದರು ಮುರಳೀಧರ ಮೇಷ್ಟ್ರು. “ಮಕ್ಕಳಿದ್ದಾರಾ ನಿನಗೆ?”

ಪುಟ್ಟಲಕ್ಷ್ಮಿ ಇನ್ನೂ ಅಲ್ಲೇ ನಿಂತಿದ್ದಳು. ಇದ್ದಾಳೆ ಅಂದರೆ, ಎಲ್ಲಿಗೆ ಕೊಟ್ಟಿದ್ದೀಯ ಅಂತ ಕೇಳುತ್ತಾರೆ. ಇಲ್ಲ ಅನ್ನಬೇಕು. ಬಸುರಿ ಮಗಳು ಎದುರು ನಿಂತಿರುವಾಗ ಅಂಥ ಮಾತು ಯಾವ ಅಪ್ಪನ ಬಾಯಿಂದ ಹೊರಡುತ್ತದೆ?

ನಾಗಯ್ಯ ಎದ್ದ. ಹಗ್ಗದ ಮೇಲಿನ ಅಂಗಿ ಎಳೆದು ಹೆಗಲಿಗೆ ಹಾಕಿಕೊಂಡ.

“ಮೇಷ್ಟ್ರು ಕೇಳ್ತಾವ್ರಲ್ಲ, ಬಾಯಿ ಬಿದ್ದೋಗದಾ ನಿಂಗೆ?” ಪುಟ್ಟಬಸವಯ್ಯ ಅಂಗಡಿಯಿಂದಲೇ ಕೂಗಿದ. “ಎಲ್ಲಿಗ್ಲಾ ಒಂಟೆ?”

ನಾಗಯ್ಯ ತಿರುಗಿ ನೋಡಲಿಲ್ಲ. ಹಣ್ಣನ್ನು ಎದೆಗವಚಿಕೊಂಡು, ಹೊಳೆ ಹರಿಯುವ ದಿಕ್ಕಿಗೆ, ಹುಟ್ಟಿದಾಗಿನಿಂದ ಒಂದು ದಿನವೂ ಕಾಲಿಡದ ನರಸೀಪುರದ ಕಡೆಗೆ ನಡೆದ.